ಕಾರಂಜಾ ದಂಡೆಯ ಎಳ್ಳಮಾವಾಸ್ಯೆ

ಬಸವಕಲ್ಯಾಣದ ಒಬ್ಬ ಶಿಕ್ಷಕರ ಮನೆಯಲ್ಲಿ 2024ರ ಮಾರ್ಗಶಿರ ಮಾಸದಲ್ಲಿ ಒಂದು ಸಣ್ಣ ವಾದವು ಹುಟ್ಟಿಕೊಂಡಿತು. ಹತ್ತು ವರ್ಷದ ಹುಡುಗನು ಎಲ್ಲಿಯೋ ಒಂದು ಚಿತ್ರವನ್ನು ಕಂಡು, ದೊಡ್ಡ ನೀರಿನ ದಂಡೆಯ ಮೇಲೆ ಡೇರೆ ಹೊಡೆದು ಒಂದು ರಾತ್ರಿಯನ್ನು ಕಳೆಯಲೇಬೇಕೆಂದು ಹಟ ಹಿಡಿದಿದ್ದನು. ತಂದೆಯು, ಊರ ಮಗ್ಗುಲಿಗೇ ತ್ರಿಪುರಾಂತಕ ಕೆರೆ ಇರುವಾಗ ದೂರ ಹೋಗುವದೇತಕ್ಕೆ ಎಂದರು. ಹದಿನೈದು ವರ್ಷದ ಮಗಳು ಅದನ್ನು ಒಪ್ಪಲಿಲ್ಲ. ಅಕ್ಕನಾಗಮ್ಮನ ಗವಿಯನ್ನೂ ಅನುಭವಮಂಟಪವನ್ನೂ ವಾರಕ್ಕೆರಡು ಸಲ ಕಾಣುತ್ತಿರುವವರು ಅಲ್ಲಿಗೇ ಹೋಗಿ ಮಲಗಿದರೆ ಅದನ್ನು ಪ್ರವಾಸವೆಂದು ಯಾರು ಕರೆದಾರು ಎಂಬದು ಅವಳ ತರ್ಕ. ಮಾತು ಹೀಗೆ ಬೆಳೆಯುತ್ತಿರಲು, ಪಡಸಾಲೆಯಲ್ಲಿ ಕುಳಿತಿದ್ದ ಎಂಬತ್ತನಾಲ್ಕು ವರ್ಷದ ಅಜ್ಜನವರು, ಮಕ್ಕಳು ಮುತ್ಯಾ ಎಂದು ಕರೆಯುವವರು, ಇಂಥ ವಿಷಯಗಳಲ್ಲಿ ಎಂದೂ ಬಾಯಿ ಹಾಕದವರು, ಮೆಲ್ಲನೆ ಅಂದರು:

“ಹೋಗೋದಾದ್ರ ಕಾರಂಜಾಕ್ಕ ಹೋಗೋಣು. ಎಳ್ಳಮಾಸಿಗೆ.”

ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಆ ಮನೆಯಲ್ಲಿ ಆ ಹೆಸರನ್ನು ಯಾರೂ ಸುಮ್ಮನೆ ಎತ್ತುತ್ತಿರಲಿಲ್ಲ.

ನೀರಿನ ಬದಿಗೆ ಹೋಗಿ ಬೀಡುಬಿಡುವ ಆಶೆಯು ಕಲ್ಯಾಣಕ್ಕೆ ಹೊಸತೇನೂ ಅಲ್ಲ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಮುಗಿಸಿದ ‘ಮಾನಸೋಲ್ಲಾಸ’ದಲ್ಲಿ ಐದು ಭಾಗಗಳಿದ್ದು, ಒಂದೊಂದರಲ್ಲಿಯೂ ಇಪ್ಪತ್ತು ಅಧ್ಯಾಯಗಳಿವೆಯೆಂಬದು ವಾಚಕರಲ್ಲಿ ಅನೇಕರಿಗೆ ವಿದಿತವಾಗಿಯೇ ಇದೆ. ಅದರಲ್ಲಿ ವನಕ್ರೀಡೆ, ಜಲಕ್ರೀಡೆ, ಮಳಲಿನ ಮೇಲಣ ಕ್ರೀಡೆ, ಬೆಳುದಿಂಗಳ ಕ್ರೀಡೆಗಳೆಲ್ಲ ಬರುತ್ತವೆ. ಗಾಳಕ್ಕೆ ಮೀನು ಹಿಡಿಯುವ ವಿನೋದವನ್ನೂ ಅರಸನು ಬಿಟ್ಟಿಲ್ಲ. ಅರಸನಿಗೆ ಯಾವ ನೆಲವೂ ತನ್ನದೇ. ಬೇಕಾದಲ್ಲಿ ಬೀಡುಬಿಟ್ಟನು, ಎದ್ದು ಹೋದನು. ತಾನು ಉತ್ತ ನೆಲವು ನೀರಿನ ಕೆಳಗಿರುವಾಗ ಅದರ ದಂಡೆಗೆ ಹೋಗಿ ಮಲಗುವವನ ವಿನೋದವು ಎಂಥದೆಂಬದನ್ನು ಅವನ ಗ್ರಂಥದಲ್ಲಿ ಹುಡುಕುವದು ವ್ಯರ್ಥ.

ಕಾರಂಜಾ ಎಂಬುದು ಮಾಂಜರಾ ನದಿಯನ್ನು ಕೂಡುವ, ಆ ಮೂಲಕ ಗೋದಾವರಿಗೆ ಹೋಗುವ ಒಂದು ಹೊಳೆ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಅದಕ್ಕೆ ಕಟ್ಟಿದ ಜಲಾಶಯವು ಏಳೂವರೆ ಟಿ.ಎಂ.ಸಿ.ಗಿಂತ ತುಸು ಹೆಚ್ಚು ನೀರನ್ನು ಹಿಡಿಯುತ್ತದೆ. ಬೀದರ, ಹುಮನಾಬಾದ ಮೊದಲಾದ ಊರುಗಳ ಜನರು ಅದೇ ನೀರನ್ನು ಕುಡಿಯುತ್ತಾರೆ. ಅದು ಬೇಡವಾಗಿತ್ತೆಂದು ಬರಗಾಲವನ್ನು ಕಂಡ ಯಾವ ಪ್ರಾಣಿಯೂ ಹೇಳಲಾರದು. ಆದರೆ ನೀರು ನಿಲ್ಲುವದಕ್ಕೆ ತಗ್ಗು ಬೇಕು. ಆ ಸೀಮೆಯಲ್ಲಿ ತಗ್ಗೆಂದರೆ ಆಳವಾದ ಎರೆಭೂಮಿ, ಎಂದರೆ ಬಿಳಿಜೋಳವೂ ಕಡಲೆಯೂ ಹುಲುಸಾಗಿ ಬರುವ ನೆಲ. ಮುತ್ಯಾನ ಹದಿನಾಲ್ಕು ಎಕರೆಯಲ್ಲಿ ಹನ್ನೆರಡು ಅದರೊಳಗೆ ಹೋದವು. ಉಳಿದ ಎರಡೆಕರೆ ಕಲ್ಲುದಿನ್ನೆಯನ್ನು ಅವರು ಮಗ್ಗುಲ ಹೊಲದವರಿಗೆ ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಲ್ಯಾಣಕ್ಕೆ ಬಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯತೊಡಗಿದರು. ಇದಾಗಿ ನಾಲ್ವತ್ತು ವರ್ಷಗಳ ಮೇಲಾಯಿತು.

ಆ ನಾಲ್ವತ್ತು ವರ್ಷಗಳಲ್ಲಿ ಒಮ್ಮೆಯೂ ಆಯಿ, ಎಂದರೆ ಮಕ್ಕಳ ಅಜ್ಜಿ, ಆ ನೀರನ್ನು ನೋಡಲು ಹೋಗಿರಲಿಲ್ಲ. ಬೀದರ ಸೀಮೆಯ ಒಕ್ಕಲಿಗೆ ಎಳ್ಳಮಾವಾಸ್ಯೆಗಿಂತ ದೊಡ್ಡ ಹಬ್ಬವಿಲ್ಲ. ಅಂದು ಊರೆಲ್ಲ ಬರಿದಾಗಿ ಹೊಲ ತುಂಬುತ್ತದೆ. ಕಣಿಕೆಯ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ನಂಟರಿಷ್ಟರನ್ನೂ ದಾರಿಹೋಕರನ್ನೂ ಕೂರಿಸಿ ಉಣಿಸುತ್ತಾರೆ. ಹೊಲವನ್ನು ಕಳೆದುಕೊಂಡ ಆಯಿ ಮಾತ್ರ ಮಾಳಿಗೆಯ ಮೇಲೆ ತುಳಸಿಯ ಕಟ್ಟೆಗೆ ಎರಡು ತುತ್ತು ಚೆಲ್ಲಿ ಕೆಳಗಿಳಿದು ಬರುತ್ತಿದ್ದರು. ಗಂಡನೊಡನೆ ಅವರಿಗೆ ಜಗಳವಿತ್ತೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಆ ಒಂದು ದಿನ ಅವರು ಗಂಡನಿಗೆ ಉಣಬಡಿಸಿ, ಏನೂ ಮಾತನಾಡದೆ ಒಳಗೆ ಹೋಗುವರು. ಮನೆಯವರು ಇದನ್ನು ಹಬ್ಬದ ಒಂದು ವಿಧಿಯೋ ಎಂಬಂತೆ ರೂಢಿ ಮಾಡಿಕೊಂಡುಬಿಟ್ಟಿದ್ದರು.

ಆದುದರಿಂದ ಅವರು ಬರುವದಿಲ್ಲವೆಂದೇ ಎಲ್ಲರೂ ಬಗೆದಿದ್ದರು. ಅವರೂ ಮೊದಲು ಹಾಗೆಯೇ ಅಂದರು. ಕೊನೆಗೆ ಅವರನ್ನು ಹೊರಡಿಸಿದ್ದು ಭಜ್ಜಿ. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದ ತಿಂಡಿಯೆಂದು ದಕ್ಷಿಣದ ವಾಚಕರು ತಿಳಿಯಲಾಗದು. ಹಸಿ ತೊಗರಿ, ಹಸಿಗಡಲೆ, ಅವರೆ, ಶೇಂಗಾ, ಬದನೆ, ಮೆಂತ್ಯೆ, ಹೀಗೆ ಆ ಋತುವಿನಲ್ಲಿ ನೆಲವು ಕೊಟ್ಟದ್ದನ್ನೆಲ್ಲ ಕೂಡಿಸಿ, ಕಡಲೆಹಿಟ್ಟು ಕಲಸಿ ಕುದಿಸುವ ಆ ಪಲ್ಯವು ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗೆ ಜೊತೆ. ಸೊಸೆಯು ತಾನೇ ಮಾಡುವೆನೆಂದಾಗ ಆಯಿ ಬಹಳ ಹೊತ್ತು ಸುಮ್ಮನಿದ್ದು, “ಹಿಟ್ಟು ಯಾವಾಗ ಬಿಡ್ತಿ?” ಎಂದು ಕೇಳಿದರು. ಸೊಸೆಯ ಉತ್ತರವು ತೃಪ್ತಿಕರವಾಗಿರಲಿಲ್ಲ. ಮರುದಿನ ಬೆಳಿಗ್ಗೆ ಆಯಿಯ ಸೀರೆಯ ಗಂಟೂ ಕಟ್ಟಿ ಸಿದ್ಧವಾಗಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಭಾನುವಾರ ಮಧ್ಯಾಹ್ನ ಅವರು ಹೊರಟರು. ಸಸ್ತಾಪುರ ಬಂಗ್ಲೆಯ ಬಳಿ ಹೆದ್ದಾರಿಯನ್ನು ಸೇರಿ, ರಾಜೇಶ್ವರವನ್ನು ದಾಟಿ, ಹುಮನಾಬಾದಕ್ಕೆ ಬರುವಷ್ಟರಲ್ಲಿ ಹುಡುಗನು ಡೇರೆಯ ಚೀಲವನ್ನು ಮೂರು ಸಲ ಬಿಚ್ಚಿ ಕಟ್ಟಿದ್ದನು. ಮಾಣಿಕನಗರದ ದತ್ತಜಯಂತಿಯ ಸಂದಣಿ ಮುಗಿದು ಹದಿನೈದು ದಿನವಾಗಿತ್ತು. ವೀರಭದ್ರ ದೇವರ ಗುಡಿಯ ದಿಕ್ಕಿಗೆ ಆಯಿ ಗಾಡಿಯೊಳಗಿಂದಲೇ ಕೈಮುಗಿದರು. ಹುಮನಾಬಾದದ ಶಾಲೆಯಲ್ಲಿ ಮುತ್ಯಾ ಉರ್ದುವಿನಲ್ಲಿ ನಾಲ್ಕು ಜಮಾತು ಓದಿದ್ದರು. ಅದು ನಿಜಾಮರ ಕಾಲ. 1948ರಲ್ಲಿ ಆ ರಾಜ್ಯವು ಮುಗಿಯಿತು. 1956ರಲ್ಲಿ ಬೀದರವು ಮೈಸೂರು ರಾಜ್ಯವನ್ನು ಸೇರಿತು. ಕಚೇರಿಯ ಭಾಷೆಯೂ ಲಿಪಿಯೂ ಬದಲಾದವು. 2017ರಲ್ಲಿ ಬೀದರ-ಕಲಬುರಗಿ ರೈಲು ಬಂದ ಮೇಲೆ ಹುಮನಾಬಾದದ ನಿಲ್ದಾಣದ ಕನ್ನಡ ಫಲಕವನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಓದಿದುದನ್ನು ಅವರು ದಾರಿಯಲ್ಲಿ ನಗುತ್ತ ಹೇಳಿದರು. “ಕ್ಯಾಂಪ್ ಅಂದ್ರ ನಂಗ ಹೊಸದಲ್ಲೋ. ಆ ಗಲಾಟಿ ವರ್ಷ ಅಂಜಿ ಎಷ್ಟೋ ರಾತ್ರಿ ಹೊಲದಾಗೇ ಮಲಗೀವಿ. ದೀಪ ಹಚ್ಚಾಂಗಿಲ್ಲ, ಕೆಮ್ಮಾಂಗಿಲ್ಲ,” ಎಂದು ಹುಡುಗನಿಗೆ ಅಂದರು. ಹುಡುಗನಿಗೆ ಇದು ಡೇರೆಗಿಂತ ಮೇಲಾದ ಸುಖವಾಗಿ ತೋರಿರಬೇಕು. ಆ ರಾತ್ರಿಯೂ ದೀಪ ಬೇಡವೆಂದು ಅವನು ಪ್ರಸ್ತಾಪಿಸಿದನು.

ಹಳ್ಳಿಖೇಡವು ಹಿಂದೆ ಬಿದ್ದ ಮೇಲೆ ದೊಡ್ಡ ರಸ್ತೆಯನ್ನು ಬಿಟ್ಟು, ಆ ಎರಡೆಕರೆ ದಿನ್ನೆಯನ್ನು ಕೊಂಡ ಮನೆತನದವರ ಹೊಲಕ್ಕೆ ಬಂದರು. ಹೊಲದ ಕೆಳ ಅಂಚಿಗೆ ನೀರು. ಆಚೆಯ ದಂಡೆಯು ಕಣ್ಣಿಗೆ ಒಂದು ನೀಲಿ ಗೆರೆಯಷ್ಟೆ. ಬಾತುಗಳ ಒಂದು ಹಿಂಡು ಗಾಡಿಯ ಸದ್ದಿಗೆ ಎದ್ದು, ಸುತ್ತು ಹಾಕಿ, ಮತ್ತೆ ಅಲ್ಲಿಯೇ ಇಳಿಯಿತು. ಹೊಲದವರು ಹೋದ ವರ್ಷದ ಬಣವೆಯಿಂದ ಕಣಿಕೆ ಇಳಿಸಿ ಗುಡಿಸಲನ್ನು ಕಟ್ಟಿಟ್ಟಿದ್ದರು. ಅದರ ಮಗ್ಗುಲಿಗೆ ಹುಡುಗನ ಡೇರೆಯು, ತಂದೆ ಮಕ್ಕಳ ಒಂದು ಗಂಟೆಯ ಪ್ರಯತ್ನದ ತರುವಾಯ, ಒಂದು ಕಡೆಗೆ ತುಸು ವಾಲಿಕೊಂಡು ನಿಂತಿತು. ಮುತ್ಯಾ ಅದನ್ನು ಸುತ್ತಿ ನೋಡಿ, ಗಾಳಿಯು ನೀರಿನ ಕಡೆಯಿಂದ ಬರುವದೆಂದೂ ಬಾಗಿಲು ತಪ್ಪಿತೆಂದೂ ಹೇಳಿದರು. ನಡುರಾತ್ರಿಗೆ ಅದು ನಿಜವಾಗಿ ಮಕ್ಕಳಿಬ್ಬರೂ ಗುಡಿಸಲಿಗೆ ಓಡಿ ಬರಬೇಕಾಯಿತು.

ಆಯಿ ಮಾತ್ರ ನೀರಿಗೆ ಬೆನ್ನು ಮಾಡಿ ಕುಳಿತು ಅವರೆಯ ಕಾಯಿ ಸುಲಿಯುತ್ತಿದ್ದರು.

ಕತ್ತಲಾಯಿತು. ಚಂದ್ರನಿಲ್ಲದ ರಾತ್ರಿ; ಚಳಿ ಹಲ್ಲು ಕಡಿಸುವಂತಿತ್ತು. ಬೆಂಕಿಯ ಸುತ್ತ ಕುಳಿತಾಗ ಮಗಳು ತನ್ನ ಮೊಬೈಲಿನಲ್ಲಿ, ಉಪಗ್ರಹದಿಂದ ತೆಗೆದ ಆ ಪ್ರದೇಶದ ಚಿತ್ರಗಳನ್ನು ವರುಷವರುಷವಾಗಿ ಹಿಂದಕ್ಕೆ ಸರಿಸುತ್ತಿದ್ದಳು. 2016ರ ಬೇಸಿಗೆಯ ಚಿತ್ರ ಬಂದಿತು. ಎರಡು ವರ್ಷದ ಬರದಲ್ಲಿ ನೀರು ಬತ್ತಿ, ಒಳಗಿನ ನೆಲವೆಲ್ಲ ಬಯಲಾಗಿದ್ದ ಕಾಲವದು. ಹಳೆಯ ಬದುಗಳ ಗೆರೆಗಳು, ಒಂದು ಬಂಡಿಜಾಡಿನಂಥದು, ನಡುವೆ ಒಂದು ಕಪ್ಪು ದುಂಡು.

“ಮುತ್ಯಾ, ಇದು ಬಾವಿ ಅಲ್ಲೇನು?”

ಮುತ್ಯಾ ಕನ್ನಡಕವನ್ನೇರಿಸಿ ಬಹಳ ಹೊತ್ತು ನೋಡಿದರು. ಅವರ ಕೈ ನಡುಗುತ್ತಿತ್ತು. ಚಳಿಗೆಂದು ಎಲ್ಲರೂ ಭಾವಿಸಿದರು. “ಹೌದು,” ಎಂದರು. “ಇದೇ ನಮ್ಮ ಬಾವಿ. ಇದೇ.”

ಹಿಂದಿನಿಂದ ಆಯಿಯ ಧ್ವನಿ ಬಂದಿತು. ಅವರು ಯಾವಾಗ ಎದ್ದು ಬಂದು ಅಲ್ಲಿ ನಿಂತಿದ್ದರೋ ಯಾರಿಗೂ ತಿಳಿಯದು.

“ಅದು ನಮ್ಮದಲ್ಲ. ಅದು ಮಗ್ಗುಲ ಹೊಲದವರದು, ದುಂಡಂದು. ನಮ್ಮದು ಚೌಕ ಇತ್ತು, ಪಾವಟಿಗಿ ಇದ್ದವು, ಹನ್ನೊಂದು. ದಿನಾ ಹತ್ತಿ ಇಳದಾಕಿಗೆ ಗೊತ್ತಿಲ್ಲೇನು?” ಆಮೇಲೆ ಮೊಮ್ಮಗಳಿಗೆ, “ಇನ್ನಷ್ಟು ಮ್ಯಾಲ ಸರಿಸವ್ವಾ. ಬದುವಿನ ಮ್ಯಾಲ ಬಾ,” ಎಂದರು.

ಅಕ್ಷರವೊಂದನ್ನೂ ಅರಿಯದ ಆ ಮುದುಕಿ, ಎಂದೂ ಕಾಣದ ಆಕಾಶದ ಕಣ್ಣಿನಿಂದ ತೆಗೆದ ಚಿತ್ರದಲ್ಲಿ ತನ್ನ ಹೊಲದ ಬದುವನ್ನು ಹಿಡಿದು ನಡೆದುಹೋದುದನ್ನು ಕಂಡು ಮಗನಿಗೂ ಸೊಸೆಗೂ ಬೆರಗಾಯಿತು. ಬೇವಿನ ಬೊಡ್ಡೆ ಇದ್ದುದು ಇಲ್ಲಿ. ಎತ್ತು ಕಟ್ಟುತ್ತಿದ್ದುದು ಇಲ್ಲಿ. ಆಕೆಯ ಬೆರಳು ನಿಂತಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ ಇದ್ದಿತು. ಅದು ಚೌಕವೋ, ಬಾವಿಯೋ, ಬರಿಯ ನೆರಳೋ ಎಂದು ನಿಶ್ಚಯಿಸುವದು ಯಾರಿಂದಲೂ ಸಾಧ್ಯವಿರಲಿಲ್ಲ. ಆಯಿಗೆ ಸಂದೇಹವಿರಲಿಲ್ಲ.

ಮುತ್ಯಾ ಮೊಬೈಲನ್ನು ಮಗಳ ಕೈಗೆ ಮರಳಿಸಿ ಬೆಂಕಿಯನ್ನು ನೋಡುತ್ತ ಕುಳಿತರು. ತಮ್ಮ ಬಾವಿಯನ್ನು ತಾವೇ ಗುರುತಿಸದೆ ಹೋದುದು ಅವರ ಮನಸ್ಸನ್ನು ಎಲ್ಲಿಗೋ ಒಯ್ದಿತ್ತೆಂದು ತೋರುತ್ತದೆ. ಯಾರೂ ಕೇಳದೆ ಅವರು ಕಾಗದದ ಕಥೆಯನ್ನು ತೆಗೆದರು.

ಇಲ್ಲಿ ಕಾಯಿದೆಯ ಒಂದು ಮಾತನ್ನು ಹೇಳದೆ ಮುಂದಿನದು ತಿಳಿಯದು. ಆಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯಿದೆ; 2014ರ ಆರಂಭದಿಂದ ಹೊಸ ಕಾಯಿದೆಯು ಅದರ ಸ್ಥಾನಕ್ಕೆ ಬಂದಿದೆ. ಹಳೆಯದರಂತೆ, ಅಧಿಕಾರಿಯು ಗೊತ್ತುಪಡಿಸಿದ ಪರಿಹಾರವು ಸಾಲದೆಂದು ತೋರಿದವನು, ಪ್ರಕರಣವನ್ನು ನ್ಯಾಯಾಲಯಕ್ಕೆ ಒಪ್ಪಿಸೆಂದು ಕೇಳಬಹುದಾಗಿತ್ತು. ಆದರೆ ಹಣವನ್ನು ತೆಗೆದುಕೊಳ್ಳುವಾಗ ‘ತಕರಾರಿನ ಮೇಲೆ ಪಡೆದಿದ್ದೇನೆ’ ಎಂದು ಕಾಣಿಸಿರಬೇಕು. ಸುಮ್ಮನೆ ಸಹಿ ಮಾಡಿ ತೆಗೆದುಕೊಂಡವನಿಗೆ ಆ ದಾರಿ ಮುಚ್ಚಿತು. ಒಂದೆರಡು ಶಬ್ದಗಳಲ್ಲಿ ಒಂದು ಮನೆತನದ ಗತಿಯು ತೂಗುತ್ತಿದ್ದಿತು. 1984ರ ತಿದ್ದುಪಡಿಯಿಂದ ಇಂಥವರಿಗೂ ಒಂದು ಕಿರುಬಾಗಿಲು ತೆರೆಯಿತಾದರೂ, ನೆರೆಯವನಿಗೆ ನ್ಯಾಯಾಲಯವು ಹೆಚ್ಚು ಕೊಟ್ಟ ತೀರ್ಪಿನಿಂದ ಮೂರು ತಿಂಗಳೊಳಗೆ ಅದನ್ನು ತಟ್ಟಬೇಕಾಗಿತ್ತು. ಊರು ಬಿಟ್ಟು ಚದರಿದವರಿಗೆ ನೆರೆಯವನ ತೀರ್ಪಿನ ಸುದ್ದಿಯನ್ನು ಮುಟ್ಟಿಸುವವರು ಯಾರು?

ಆ ದಿನ ಕಚೇರಿಯ ಅಂಗಳದಲ್ಲಿ ಊರಿನ ಎಂಟು ಹತ್ತು ಒಕ್ಕಲುಗಳು ಕೂಡಿದ್ದವು. ಕಾಗದವು ಇಂಗ್ಲೀಷಿನಲ್ಲಿ ಟೈಪಾಗಿತ್ತು. ಊರಲ್ಲಿ ಓದಿದವರೆಂದರೆ ಮುತ್ಯಾ ಒಬ್ಬರೇ. ಅದನ್ನು ಅವರ ಕೈಗೆ ಕೊಟ್ಟು, “ಏನದ ನೋಡು, ನೀ ಹೂಂ ಅಂದ್ರ ನಾವೂ ಹೂಂ,” ಎಂದರು. ಅವರು ಎರಡೂ ಹಾಳೆಗಳನ್ನು ಮೇಲಿಂದ ಕೆಳಕ್ಕೆ ನೋಡಿದರು, ತಲೆಯಾಡಿಸಿದರು, ಉರ್ದುವಿನಲ್ಲಿ ತಮ್ಮ ಹೆಸರು ಬರೆದರು. ಅವರ ಹಿಂದೆ ಉಳಿದವರು ಹೆಬ್ಬೆಟ್ಟು ಒತ್ತಿದರು. ಒತ್ತದೆ ಮನೆಗೆ ಹೋದವರು ಇಬ್ಬರೇ. ಮುಂದೆ ನ್ಯಾಯಾಲಯದಿಂದ ಹೆಚ್ಚಿಗೆ ದೊರೆತುದೂ ಅವರಿಬ್ಬರಿಗೇ.

“ನಂಗ ಅದರಾಗ ಒಂದಕ್ಷರ ಓದಾಕ ಬರ್ತಿರಲಿಲ್ಲ,” ಎಂದರು ಮುತ್ಯಾ. “ಬರಂಗಿಲ್ಲ ಅನ್ನಾಕ ನಾಚಿಕಿ ಆತು.”

ಮಗನು ತಲೆಯೆತ್ತಲಿಲ್ಲ. ತನ್ನ ಶಾಲೆಯ ಖರ್ಚಿಗಾಗಿ, ಅಕ್ಕನ ಮದುವೆಗಾಗಿ ತಂದೆಯು ಅವಸರದಿಂದ ಸಹಿ ಮಾಡಿದನೆಂದೇ ಅವನು ಇಷ್ಟು ದಿನ ತಿಳಿದಿದ್ದನು. ಆ ಋಣದ ಭಾರವನ್ನು ಹೊತ್ತುಕೊಂಡೇ ಶಿಕ್ಷಕನಾಗಿದ್ದನು. ಹುಡುಗನು ಏನನ್ನೋ ಕೇಳಹೋದಾಗ ಅಕ್ಕ ಅವನ ಕೈ ಹಿಡಿದಳು.

ಆಯಿ ಬೆಂಕಿಗೆ ಒಂದು ತೊಗರಿಕಟ್ಟಿಗೆಯನ್ನು ದೂಡಿದರು.

“ಗೊತ್ತಿತ್ತು ನನಗ,” ಎಂದರು. “ಅಂಗಳದಾಗ ಹೆಣಮಕ್ಕಳ ಕಡೆ ನಾ ಕುಂತಿದ್ದೆ. ನೀವು ಮನ್ಯಾಗ ಓದೂಮುಂದ ನಿಮ್ಮ ಕಣ್ಣು ಈ ಕಡಿಂದ ಆ ಕಡಿಗಿ ಹೋಗ್ತಿದ್ದವು.” ಅವರು ಬೆರಳನ್ನು ಬಲದಿಂದ ಎಡಕ್ಕೆ ಎಳೆದು ತೋರಿಸಿದರು. “ಆ ದಿನಾನೂ ಹಂಗೇ ಹೋದವು. ಸಾಹೇಬ ಓದೂಮುಂದ ಅವನವು ತಿರುಗಿ ಹೋಗ್ತಿದ್ದವು. ಆವಾಗೇ ತಿಳೀತು.”

“ಮತ್ತ ಅನ್ನಲಿಲ್ಲ ಯಾಕ?”

“ಹತ್ತು ಮಂದಿ ಗಂಡಸರ ಮುಂದ ಅನ್ನಲೇನು? ಮನಿಗಿ ಬಂದು ನೀವೇ ಹೇಳ್ತೀರಿ ಅಂತ ಕಾದೆ.”

ಮುಂದೆ ಅವರು ಮಾತನ್ನು ಬೆಳೆಸಲಿಲ್ಲ. ಎಷ್ಟು ವರ್ಷ ಕಾದರೆಂಬ ಲೆಕ್ಕವನ್ನು ಅಲ್ಲಿದ್ದ ದೊಡ್ಡವರೆಲ್ಲರೂ ತಮ್ಮತಮ್ಮಲ್ಲಿಯೇ ಮಾಡಿಕೊಂಡಿರಬೇಕು. ಸ್ವಲ್ಪ ಹೊತ್ತಾದ ಮೇಲೆ ಆಯಿ ಎದ್ದು ಒಳಗಿಂದ ಕಂಬಳಿಯನ್ನು ತಂದು ಗಂಡನ ಹೆಗಲ ಮೇಲೆ ಹಾಕಿ, ಅಂಬಲಿಯ ಗಡಿಗೆಯ ಬಾಯಿಯನ್ನು ಮುಚ್ಚಿದೆಯೋ ಎಂದು ಸೊಸೆಯನ್ನು ಕೇಳಿದರು.

ಬೆಳಗಾದ ಮೇಲೆ ಹಬ್ಬದ ಗಡಿಬಿಡಿ. ಭಜ್ಜಿಗೆ ಹಿಟ್ಟು ಬಿಡುವ ಕ್ಷಣವನ್ನು ಸೊಸೆಯು ಅಂದು ಕಣ್ಣಾರೆ ಕಂಡಳು: ಬದನೆಯು ಮೆತ್ತಗಾದ ಮೇಲೆ, ಆದರೆ ಕಡಲೆಯು ಇನ್ನೂ ಹಲ್ಲಿಗೆ ತುಸು ಎದುರಾಡುತ್ತಿರುವಾಗ. ಇದನ್ನು ಯಾವ ಗಡಿಯಾರವೂ ತೋರಿಸಲಾರದು. ಹೊಲದವರ ಮನೆಮಂದಿ, ಅವರ ಬೀಗರು, ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ಮೀನುಗಾರರಿಬ್ಬರು, ಎಲ್ಲರೂ ಕೂಡಿ ಇಪ್ಪತ್ತೈದು ಜನರಾದರು. ಹುಡುಗನು ಪಾಂಡವರಿಗೆ ಸುಣ್ಣ ಬಳಿದನು. ಭೀಮನಿಗೆ ಎರಡು ಸಲ.

ಪೂಜೆ ಮುಗಿಯಿತು. ಚರಗದ ಬುಟ್ಟಿಯನ್ನು ಹೊಲದವರ ಹಿರಿಯ ಸೊಸೆಯು ಎತ್ತಿಕೊಂಡು ತಮ್ಮ ಕಡಲೆಗೂ ಜೋಳಕ್ಕೂ ಚೆಲ್ಲುತ್ತ ಹೋದಳು. ಅವಳ ಹಿಂದೆ ಅವಳ ಮೈದುನನು ತಂಬಿಗೆಯಿಂದ ನೀರು ಚಿಮುಕಿಸುತ್ತ ನಡೆದನು. ಅವರು ಮರಳಿ ಬಂದ ಮೇಲೆ ಆಯಿ, ಯಾರನ್ನೂ ಕೇಳದೆ, ಒಂದು ತಾಟಿನಲ್ಲಿ ರೊಟ್ಟಿ, ಭಜ್ಜಿ, ಹೋಳಿಗೆಯ ಚೂರುಗಳನ್ನು ಕಲಸಿಕೊಂಡು ಕೆಳಕ್ಕೆ ಇಳಿಯತೊಡಗಿದರು. ದಿನ್ನೆಯ ಅಂಚಿಗೆ ಮೋಜಣಿಯವರ ಕಾಲದ ಒಂದು ಬಾಂದುಗಲ್ಲು ಇನ್ನೂ ವಾಲಿಕೊಂಡು ನಿಂತಿದೆ. ಅದರ ಬಳಿ ನಿಂತು ದಿಕ್ಕು ನೋಡಿಕೊಂಡು, ನೀರಿನ ಕಡೆಗೆ ನೇರವಾಗಿ ನಡೆದರು. ಮಗನು “ಅವ್ವಾ, ಜಾರತದ!” ಎಂದು ಕೂಗಿದನು. ಮುತ್ಯಾ ಕೋಲೂರಿಕೊಂಡು ಹಿಂದೆ ಹೋಗುತ್ತಿದ್ದರು.

ನೀರು ಪಾದಕ್ಕೆ ತಗುಲಿದಲ್ಲಿ ಆಯಿ ನಿಂತರು. ಹಿಡಿಹಿಡಿಯಾಗಿ ಚೆಲ್ಲಿದರು. ಹೊಲವು ಮುಂದೆ ಎಷ್ಟು ದೂರ ಹೋಗುತ್ತಿತ್ತೋ ಅಷ್ಟಕ್ಕೂ ಮುಟ್ಟಿಸುವವರಂತೆ ಕೊನೆಯ ಹಿಡಿಯನ್ನು ಬಲವಾಗಿ ಬೀಸಿ ಎಸೆದರು. ಸಣ್ಣ ಮೀನುಗಳು ಬಂದು ಮುತ್ತಿದವು.

ಹುಡುಗನು ಓಡುತ್ತ ಬಂದು ಸಂಪ್ರದಾಯದಲ್ಲಿ ಒಂದು ಲೋಪವನ್ನು ಕಂಡುಹಿಡಿದನು. “ಆಯಿ, ಹಿಂದ ನೀರು ಯಾರು ಹಾಕೋರು? ತಂಬಿಗಿ ತಂದೇ ಇಲ್ಲ!”

ಆಯಿ ನಕ್ಕುಬಿಟ್ಟರು, ಆ ನಗೆಯನ್ನು ಸೊಸೆಯು ಹಿಂದೆ ಕೇಳಿರಲಿಲ್ಲ. “ನೀರಿಗೇನು ಕಮ್ಮಿ ಆಗ್ಯದೋ ಇಲ್ಲಿ?” ಎಂದರು. ಬರಿದಾದ ತಾಟನ್ನು ಗಂಡನ ಕೈಗೆ ಕೊಟ್ಟು, “ಹಿಡೀರಿ ಇದನ್ನ,” ಎಂದು, ಬಗ್ಗಿ ಅದೇ ನೀರಿನಲ್ಲಿ ಕೈ ತೊಳೆದುಕೊಂಡರು.

ಮೇಲಿನಿಂದ ಸೊಸೆಯು ಊಟಕ್ಕೆ ಕೂಗುತ್ತಿದ್ದಳು. ಮುತ್ಯಾ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ತಾಟು ಹಿಡಿದು ದಿನ್ನೆಯನ್ನು ಹತ್ತುವದು ಕಷ್ಟವಾದುದರಿಂದ, ಅರ್ಧ ದಾರಿಯಲ್ಲಿ ಆಯಿ ಆ ತಾಟನ್ನು ಮತ್ತೆ ತಾವೇ ಇಸಿದುಕೊಂಡರು.